ಹುಟ್ಟಿದ ದಾಖಲೆ ನಮ್ದೇ ಅಲ್ವಾ?

ಸಂಪಾದಕರೇ, ನಾನು ದತ್ತು ಮಗ, ವಯಸ್ಸು 34. ಡಾಕ್ಟ್ರು ನಿಮ್ ಮನೇಲಿ ಯಾರಿಗಾದ್ರೂ ಶುಗರ್ ಇದ್ಯಾ ಅಂತ ಕೇಳಿದ್ರೆ ಇವತ್ತಿಗೂ ಉತ್ತರ ಇಲ್ಲ, ಬರ್ತ್ ಸರ್ಟಿಫಿಕೇಟಲ್ಲಿ ಇರೋದು ಸಾಕಿದ ಅಪ್ಪ ಅಮ್ಮನ ಹೆಸ್ರು (ಅವ್ರ ಮೇಲೆ ಒಂಚೂರೂ ಬೇಜಾರಿಲ್ಲ, ಅವ್ರೇ ನನ್ ಅಪ್ಪ ಅಮ್ಮ). 2022ರ ದತ್ತು ನಿಯಮದ ಪ್ರಕಾರ 18 ದಾಟಿದವ್ರು ಮೂಲ ಹುಡುಕೋಕೆ ತಾವೇ ಅರ್ಜಿ ಹಾಕ್ಬೋದು, ಆದ್ರೆ ಹೆತ್ತವ್ರು ಗುಟ್ಟಾಗಿಡಿ ಅಂತ ಹೇಳಿದ್ರೆ ಅವ್ರ ಒಪ್ಪಿಗೆ ಬೇಕು. ಸರಿ, ಪಾಪ ಆ ತಾಯಿಗೂ ಈಗ ಒಂದು ಸಂಸಾರ ಇರುತ್ತೆ. ನಾನು ಹೋದ ಸಂಸ್ಥೆಯವ್ರು ಮಾತ್ರ ಫೈಲೇ ಇಲ್ಲ, ಮಳೆ ನೀರು ಬಿದ್ದು ಹಾಳಾಯ್ತು ಅಂತಾರೆ. ಇಂಗ್ಲೆಂಡಲ್ಲಿ 1975ರ ಕಾನೂನು ಬಂದ್ಮೇಲೆ 18 ತುಂಬಿದವ್ರಿಗೆ ಮೂಲ ಸರ್ಟಿಫಿಕೇಟ್ ಸಿಗುತ್ತೆ. ಇಲ್ಲಿ ಮೊದ್ಲು ಉಳಿದಿರೋ ಹಳೇ ಫೈಲುಗಳನ್ನಾದ್ರೂ ಸ್ಕ್ಯಾನ್ ಮಾಡಿ ಸರ್ಕಾರನೇ ಇಟ್ಕೊಳ್ಲಿ.

– ಒಬ್ಬ ಓದುಗ, ಮೈಸೂರು