ಏಳನೇ ತಿಂಗಳ ಊಟ: ಸಿಂಗಾಪುರದಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇಲ್ಲಿನ ಚೀನೀಯರ ಪ್ರೇತಹಬ್ಬದ ಫೋಟೊ ನೋಡಿ "ಅಷ್ಟು ನೋಟು ಯಾಕೆ ಸುಡ್ತಾರೆ ಮಾರಾಯ, ದುಡ್ಡು ಹೆಚ್ಚಾಗಿದೆಯಾ?" ಅಂತ ಕೇಳಿದ್ದಿಯಲ್ಲ. ಅದು ಅಂಗಡಿಯಲ್ಲಿ ನಡೆಯುವ ನೋಟಲ್ಲ. ಯಮಲೋಕದ ಬ್ಯಾಂಕಿನ ಹೆಸರಲ್ಲಿ ಅಚ್ಚು ಹಾಕಿದ ಕಾಗದ, ಒಂದೊಂದರ ಮೇಲೂ ಸಾಲುಸಾಲು ಸೊನ್ನೆ. ಸುಟ್ಟರೆ ಸತ್ತವರ ಕೈಗೆ ಸೇರುತ್ತದೆ ಎಂದು ನಂಬಿಕೆ. ಫ್ಲ್ಯಾಟುಗಳ ಬುಡದಲ್ಲಿ ಸುಡುವುದಕ್ಕೆಂದೇ ಟೌನ್ ಕೌನ್ಸಿಲಿನವರು ಕಬ್ಬಿಣದ ಡ್ರಮ್ಮು ಇಟ್ಟಿದ್ದಾರೆ. ಕಾಗದದ ಅಂಗಿ, ಮನೆ, ಕಾರು, ಮೊಬೈಲು ಎಲ್ಲವೂ ಅದಕ್ಕೆ ಬೀಳುತ್ತವೆ. ಬೂದಿ ಮಾತ್ರ ಒಣಹಾಕಿದ ಬಟ್ಟೆಯ ಮೇಲೆ.

ಇಲ್ಲೀಗ ಚೀನೀ ಪಂಚಾಂಗದ ಏಳನೇ ತಿಂಗಳು. ನಮ್ಮ ತುಳುನಾಡಿನ ಆಟಿ ತಿಂಗಳ ಹಾಗೆ ಅಂದುಕೋ. ಮೊದಲ ದಿನ ಪ್ರೇತಲೋಕದ ಬಾಗಿಲು ತೆರೆಯುತ್ತದೆ, ತಿಂಗಳು ಮುಗಿದಾಗ ಮುಚ್ಚುತ್ತದೆ. ನಡುವೆ ಹದಿನೈದನೆಯ ದಿನ, ಹುಣ್ಣಿಮೆಗೆ, ದೊಡ್ಡ ಹಬ್ಬ. ಹೆಚ್ಚಾಗಿ ನಮ್ಮ ನೂಲ ಹುಣ್ಣಿಮೆಯ ಆಸುಪಾಸಿನಲ್ಲೇ ಬರುತ್ತದೆ. ಈ ತಿಂಗಳು ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ. ರಾತ್ರಿ ಶಿಳ್ಳೆ ಹಾಕಬಾರದು, ಹಿಂದಿನಿಂದ ಯಾರೋ ಕರೆದರೆ ತಿರುಗಬಾರದು. ನಿಮ್ಮ ಅಜ್ಜಿಗೆ ಇದನ್ನೆಲ್ಲ ಹೊಸದಾಗಿ ಕಲಿಸಬೇಕಾಗಿಲ್ಲ. ಈಜಲೂಬಾರದಂತೆ: ನೀರಿನಲ್ಲಿ ಸತ್ತವರು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಎಳೆದುಕೊಂಡರೆ ಮಾತ್ರ ಅವರಿಗೆ ಬಿಡುಗಡೆ.

ಹಬ್ಬಕ್ಕೆ ಕಥೆ ಹೋದದ್ದು ನಮ್ಮ ಕಡೆಯಿಂದಲೇ. ಬುದ್ಧನ ಶಿಷ್ಯ ಮೌದ್ಗಲ್ಯಾಯನ, ಚೀನೀ ಬಾಯಲ್ಲಿ ಮುಲಿಯನ್, ತೀರಿಹೋದ ತಾಯಿಯನ್ನು ಹುಡುಕುತ್ತಾನೆ. ಅವಳು ಹಸಿದ ಪ್ರೇತವಾಗಿದ್ದಾಳೆ. ಅವನು ಕೊಟ್ಟ ಅನ್ನ ಅವಳ ಬಾಯಿಗೆ ಹೋಗುವ ಮೊದಲೇ ಕೆಂಡವಾಗುತ್ತದೆ. ನಿನ್ನೊಬ್ಬನ ಶಕ್ತಿ ಸಾಲದು, ಏಳನೇ ತಿಂಗಳ ಹದಿನೈದರಂದು ಭಿಕ್ಷುಗಳ ಸಂಘಕ್ಕೆಲ್ಲ ಉಣಿಸು ಎನ್ನುತ್ತಾನೆ ಬುದ್ಧ. ಚೀನಾದ ದಾವೊ ಪಂಥದವರು ಅದೇ ದಿನವನ್ನು ಪಾಪ ಮನ್ನಿಸುವ ಭೂಮಿಯ ಅಧಿಪತಿಯ ಹುಟ್ಟುಹಬ್ಬ ಎನ್ನುತ್ತಾರೆ. ಎರಡೂ ಕಲೆತು ಈಗ ಯಾವುದು ಯಾರದ್ದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನೀನು ಇದನ್ನು ಮೂಢನಂಬಿಕೆ ಅಂದೆ. ಇರಬಹುದು. ಆದರೆ ಬಡಿಸುವುದು ಯಾರಿಗೆ ಅಂತ ನೋಡು. ಮನೆಯ ಹಿರಿಯರಿಗೆ ಒಳಗೆ ಎಡೆ. ಹೊರಗೆ ಫುಟ್‌ಪಾತಿನ ಪಕ್ಕದ ಹುಲ್ಲಿನಲ್ಲಿ ಊದುಬತ್ತಿ, ಮೇಣದಬತ್ತಿ, ಕಿತ್ತಳೆ, ಅನ್ನ, ಚಹಾ ಇಟ್ಟಿರುತ್ತಾರಲ್ಲ, ಅದು ಹಿಂದೆ ಮುಂದೆ ಯಾರೂ ಇಲ್ಲದವರಿಗೆ. ಅವರನ್ನು ಭೂತ ಪ್ರೇತ ಎನ್ನದೆ 'ಒಳ್ಳೆಯ ಅಣ್ಣತಮ್ಮಂದಿರು' ಎನ್ನುತ್ತಾರೆ. ತೈವಾನಿನಲ್ಲಿ ಊಟಕ್ಕೆ ಮೊದಲು ಅವರು ಕೈಮುಖ ತೊಳೆಯಲೆಂದು ಬೇಸಿನ್ನಿನಲ್ಲಿ ನೀರು, ಪಕ್ಕದಲ್ಲಿ ಟವೆಲು ಕೂಡ ಇಡುತ್ತಾರೆ! ಈ ಊರಿಗೆ 19ನೇ ಶತಮಾನದಲ್ಲಿ ದಕ್ಷಿಣ ಚೀನಾದಿಂದ ಕೂಲಿಗೆ ಬಂದ ಎಷ್ಟೋ ಗಂಡಸರು ಸಂಸಾರವಿಲ್ಲದೆ ಇಲ್ಲೇ ಸತ್ತರು. ಅವರಿಗೆ ಎಡೆ ಇಡುವ ಮಗ ಎಲ್ಲಿದ್ದಾನೆ? ಇಲ್ಲಿ ಈ ತಿಂಗಳು ಇಷ್ಟು ಜೋರಾಗಿ ನಡೆಯುವುದಕ್ಕೆ ಅದೂ ಒಂದು ಕಾರಣ ಅಂತ ನನಗನಿಸುತ್ತದೆ.

ಮೋಜೂ ಉಂಟು. ಬಯಲಿನಲ್ಲಿ ಸ್ಟೇಜ್ ಹಾಕಿ 'ಗೆತಾಯ್' ನಡೆಸುತ್ತಾರೆ: ಮಿರಿಮಿರಿ ಬಟ್ಟೆಯ ಹಾಡುಗಾರರು, ದಕ್ಷಿಣ ಚೀನಾದ ಹೊಕ್ಕಿಯೆನ್ ಭಾಷೆಯ ಹಾಡು, ಪೋಲಿ ಜೋಕು. ಮೊದಲ ಸಾಲಿನ ಕುರ್ಚಿಗಳು ಖಾಲಿ, ಅವು ಕಾಣದ ಅತಿಥಿಗಳಿಗೆ. ಇನ್ನು ಸಂತರ್ಪಣೆಯ ಏಲಂ ನೀನು ನೋಡಲೇಬೇಕು. ಅಲಂಕಾರ ಮಾಡಿದ ಒಂದು ಇದ್ದಿಲ ತುಂಡು 'ಕಪ್ಪು ಚಿನ್ನ' ಎಂದು ಸಾವಿರಾರು ಡಾಲರಿಗೆ ಹೋಗುತ್ತದೆ. ಕೂಗಿದವನು ದುಡ್ಡನ್ನು ಆಗಲೇ ಎಣಿಸಬೇಕಾಗಿಲ್ಲ, ಮುಂದಿನ ವರ್ಷದ ಹಬ್ಬದೊಳಗೆ ಕೊಟ್ಟರಾಯಿತು. ಆ ದುಡ್ಡಿನಲ್ಲೇ ಮುಂದಿನ ಹಬ್ಬ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೈವಾನಿನ ಕೀಲುಂಗ್ ಬಂದರಿನದು. ಚೀನಾದ ಎರಡು ಊರುಗಳಿಂದ ಬಂದು ನೆಲೆಸಿದವರು ಅಲ್ಲಿ ಹೊಡೆದಾಡಿಕೊಂಡು ಹೆಣಗಳು ಬಿದ್ದವು. ಕೊನೆಗೆ ರಾಜಿಯಾಗಿ, 1855ರಿಂದ ಕುಲನಾಮದ ಸರದಿಯಲ್ಲಿ ಒಂದೊಂದು ವರ್ಷ ಒಂದೊಂದು ಮನೆತನ ಎಲ್ಲ ಸತ್ತವರಿಗೂ ಹಬ್ಬ ನಡೆಸುವುದೆಂದು ಗೊತ್ತುಮಾಡಿದರು. ಕಡಿದವನಿಗೂ ಕಡಿಸಿಕೊಂಡವನಿಗೂ ಒಂದೇ ಪಂಕ್ತಿ. ಏಳನೇ ತಿಂಗಳ ಹದಿನಾಲ್ಕರ ರಾತ್ರಿ ಒಂದೊಂದು ಮನೆತನದವರೂ ಕಾಗದದ ಮನೆಗೆ ಬೆಂಕಿ ಕೊಟ್ಟು ಕಡಲಿಗೆ ಬಿಡುತ್ತಾರೆ. ಯಾರದು ದೂರ ತೇಲುತ್ತದೋ ಅವರಿಗೆ ಆ ವರ್ಷ ಅದೃಷ್ಟ. ಕತ್ತಿಯಲ್ಲಿ ಮಾಡುತ್ತಿದ್ದ ಪೈಪೋಟಿಯನ್ನು ಕಾಗದದ ಮನೆಯಲ್ಲಿ ಮಾಡುತ್ತಾರೆ, ಅಷ್ಟೇ.

ನಾವೂ ಆಟಿಯಲ್ಲಿ ಕುಲೆಗಳಿಗೆ, ಅಂದರೆ ಸತ್ತವರ ಆತ್ಮಗಳಿಗೆ, ಬಡಿಸುತ್ತೇವೆ, ಚಿಕ್ಕಂದಿನಲ್ಲೇ ಹೋದವರಿಗೆ ಗಂಡು ಹೆಣ್ಣು ನೋಡಿ ಕುಲೆ ಮದುವೆಯನ್ನೂ ಮಾಡುತ್ತೇವೆ. ಚೀನೀಯರಲ್ಲೂ ಸತ್ತವರ ಮದುವೆ ಹಳೆಯ ಪದ್ಧತಿಯೇ. ಆದರೆ ನಮ್ಮ ಮನೆಯಲ್ಲಿ ಬಡಿಸಿದ್ದೆಲ್ಲ ನಮ್ಮ ಕುಟುಂಬದವರಿಗೆ. ಹೊರಗಿನವರಿಗೆಂದು ಎಲೆ ಹಾಕಿದ್ದು ನಾನು ಕಂಡಿಲ್ಲ. ನಿಮ್ಮಲ್ಲಿ ಹೇಗೆ? ಒಮ್ಮೆ ಅಜ್ಜಿಯನ್ನು ಕೂರಿಸಿಕೊಂಡು ಸರಿಯಾಗಿ ಕೇಳಿ ಬರೆ. ವಾಟ್ಸಾಪಿನಲ್ಲಿ ಎರಡು ಸಾಲು ಹಾಕಿ ತಪ್ಪಿಸಿಕೊಳ್ಳಬೇಡ.

ನಿನ್ನ,
ಸಿಂಗಾಪುರದ ಗೆಳೆಯ