35 ಹಾವುಗಳು: ಯುವ ಲೇಖಕಿಗೊಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಕತೆಯನ್ನೂ ಕಾಗದವನ್ನೂ ಓದಿದೆ. ಕತೆ ವಾಪಸು ಬಂತೆಂದು ಬರೆಯುವುದನ್ನೇ ಬಿಡುತ್ತೇನೆ ಎಂದಿದ್ದೀಯ. ಎಷ್ಟು ಪುಟವಿರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳಿಕೊಡುತ್ತಾರೆ. ನಾನು ಮಾತನಾಡಬೇಕಾದದ್ದು ನಿನ್ನ ನಾಯಕಿಯ ತಲೆಯ ಮೇಲಿರುವ ಹಾವುಗಳ ಬಗ್ಗೆ.

ಕೊರಿಯಾದ ಕಲಾವಿದೆ ಚನ್ ಕ್ಯುಂಗ್-ಜಾ ಅವರ ಚಿತ್ರ ನೋಡಿ ಈ ಕತೆ ಹುಟ್ಟಿತು ಎಂದು ನೀನೇ ಬರೆದಿದ್ದೀಯ. 1977ರ ಆ ಚಿತ್ರ ನನಗೂ ಪ್ರಿಯ: ‘ನನ್ನ ದುಃಖದ ಐತಿಹ್ಯದ 22ನೆಯ ಪುಟ’. ತಲೆಗೆ ಕಿರೀಟದಂತೆ ಸುತ್ತಿಕೊಂಡ ಹಾವುಗಳು, ಎದೆಯ ಬಳಿ ಗುಲಾಬಿ, ನಮ್ಮನ್ನು ದಾಟಿ ಎಲ್ಲೋ ನೆಟ್ಟ ಕಣ್ಣು. ಐವತ್ತು ದಾಟಿದ ಹೆಂಗಸು ತನ್ನ ಇಪ್ಪತ್ತೆರಡನೆಯ ವಯಸ್ಸಿಗೆ ಬರೆದುಕೊಟ್ಟ ಮುಖ ಅದು. ನಿನ್ನ ಕತೆಯಲ್ಲಿ ಇವೆಲ್ಲ ಇವೆ. ಆದರೆ ನಿನ್ನ ಹಾವುಗಳು ಹೊಳೆಯುತ್ತವೆ, ಪಿಸುಗುಟ್ಟುತ್ತವೆ. ಹಾವು ಪಿಸುಗುಟ್ಟಿದ್ದನ್ನು ನೀನು ಎಲ್ಲಿ ಕೇಳಿದೆ?

ಆ ಚಿತ್ರಕ್ಕೆ 26 ವರ್ಷ ಹಿಂದೆ ಹೋಗು. 1951. ದೇಶದಲ್ಲಿ ಯುದ್ಧ. ಕ್ಷಯರೋಗ ಅವರ ತಂಗಿಯನ್ನು ಕೊಂಡೊಯ್ದಿತ್ತು. ಆಗ ಅವರು ಹಾವು ಮಾರುವವರ ಅಂಗಡಿಗೆ ಹೋಗಿ, ಜೀವಂತ ಹಾವುಗಳನ್ನು ನೋಡಿ ನೋಡಿ ಬರೆದುಕೊಂಡರು. ‘ಸೇಂಗ್ತೆ’ ಎಂಬ ಚಿತ್ರದಲ್ಲಿ 35 ಹಾವುಗಳು ಒಂದರ ಮೇಲೊಂದು ಹೊರಳಿಕೊಂಡಿವೆ. ಅಲ್ಲಿ ಹೆಂಗಸಿಲ್ಲ, ಹೂವಿಲ್ಲ, ಕಿರೀಟವೂ ಇಲ್ಲ. ಹಾವಿನ ಮೈ ಹೇಗೆ ಮಡಚುತ್ತದೆ, ಭಾರ ಎಲ್ಲಿ ಕೂರುತ್ತದೆ ಎಂಬುದನ್ನು ಕೈ ಕಲಿತದ್ದು ಅಲ್ಲಿ. ನಿರಾಶ್ರಿತರು ತುಂಬಿದ್ದ ಬುಸಾನ್ ನಗರದಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರು. ಹಾವು ತಲೆಯ ಮೇಲೇರಿದ್ದು ಆಮೇಲೆ, ಎಷ್ಟೋ ಆಮೇಲೆ. ನೀನು ಮೊದಲ ಪುಟದಲ್ಲೇ ಏರಿಸಿಬಿಟ್ಟಿದ್ದೀಯ.

‘ಇದು ನಮ್ಮ ಮಣ್ಣಿನದಲ್ಲ’ ಎಂದು ಷರಾ ಬರೆದು ಕತೆ ಹಿಂತಿರುಗಿಸಿದರಂತೆ. ಆ ಮಾತಿಗೆ ಅಳಬೇಡ. ನನ್ನ ಮೊದಲ ಕತೆಗಳಿಗೂ ಒಬ್ಬ ಸಂಪಾದಕರು ಇದನ್ನೇ ಹೇಳಿದ್ದರು. ಆ ಸಿಟ್ಟು ಇನ್ನೂ ಆರಿಲ್ಲ, ಆರಬೇಕೆಂದೂ ನನಗಿಲ್ಲ. ಚನ್ ಓದಿದ್ದು ಟೋಕಿಯೋದಲ್ಲಿ. 1945ರಲ್ಲಿ ಕೊರಿಯಾದ ಮೇಲಿನ ಜಪಾನಿನ ಆಳ್ವಿಕೆ ಮುಗಿದ ಮೇಲೆ ಗಾಢ ಬಣ್ಣದ ಚಿತ್ರಗಳೆಂದರೆ ಜಪಾನಿ ಶೈಲಿ ಎಂದು ಮೂಗು ಮುರಿಯುವವರೇ ಹೆಚ್ಚಾದರು. ಮರ್ಯಾದೆಯೆಲ್ಲ ಮಸಿಯ ಚಿತ್ರಕ್ಕೆ. ಅವರು ಬಣ್ಣ ಬಿಡಲಿಲ್ಲ. ಪದರದ ಮೇಲೆ ಪದರ ಹಚ್ಚುತ್ತಲೇ ಹೋದರು. ಮಣ್ಣಿನ ಮಾತಾಡಿದವರು ನಿನ್ನ ಕತೆಯನ್ನು ಸರಿಯಾಗಿ ಓದಿಲ್ಲ. ಕತೆ ಸೋತಿರುವುದು ಬೇರೆ ಕಾರಣಕ್ಕೆ: ಅದರ ಹಾವು ಇನ್ನೊಬ್ಬರು ನೋಡಿದ ಹಾವು.

1991ರಲ್ಲಿ ಕೊರಿಯಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದ್ದ ‘ಸುಂದರಿ’ಯ ಚಿತ್ರವೊಂದನ್ನು ಚನ್ ಅವರದೆಂದು ತೋರಿಸಿದಾಗ ಅವರು ‘ಇದು ನನ್ನದಲ್ಲ’ ಎಂದರು. ತಜ್ಞರು ಕೇಳಲಿಲ್ಲ. ನೊಂದ ಚನ್ ಇನ್ನು ಕುಂಚ ಹಿಡಿಯುವುದಿಲ್ಲ ಎಂದರು. 1998ರಲ್ಲಿ 93 ಕೃತಿಗಳನ್ನು ಸೋಲ್ ನಗರದ ಕಲಾ ಸಂಗ್ರಹಾಲಯಕ್ಕೆ ಕೊಟ್ಟರು. 2015ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಮರುವರ್ಷ ಕೊರಿಯಾದ ಪ್ರಾಸಿಕ್ಯೂಷನ್ ಆ ‘ಸುಂದರಿ’ ಚಿತ್ರ ಅಸಲಿ ಎಂದಿತು, ಕುಟುಂಬ ಒಪ್ಪಲಿಲ್ಲ. ನನಗೆ ಮುಖ್ಯವಾದದ್ದು ಆ ಹೆಂಗಸಿನ ಖಾತ್ರಿ. ಇಡೀ ಸಂಸ್ಥೆಯೇ ಎದುರು ನಿಂತರೂ ಅವರು ಆ ಮಾತಿನಿಂದ ಹಿಂದೆ ಸರಿಯಲಿಲ್ಲ. ನಿನ್ನ ಹಸ್ತಪ್ರತಿಯನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಹಾಗೆ ಹೇಳಬಲ್ಲೆಯಾ? ಹೇಳಲೇಬೇಕು ಮಗು, ಬೇರೆ ದಾರಿಯಿಲ್ಲ.

ನಾನು ಓದುವಾಗ ಒಂದು ಕಡೆ ಬೆಚ್ಚಿದೆ. ಕಾಯಿಲೆಯ ಅತ್ತೆ ಔಷಧಿ ಬಾಟಲಿಯ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ತಿರುಗಿಸುತ್ತಾಳೆ, ಆಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಅದು ನೀನು ನೋಡಿದ್ದು. ಅದನ್ನು ಎರಡೇ ಸಾಲಿನಲ್ಲಿ ಮುಗಿಸಿ ಕನಸಿಗೆ ಓಡಿಹೋಗಿದ್ದೀಯ. ಕತೆಯನ್ನು ಅಲ್ಲಿಂದ ಶುರುಮಾಡು. ಹಾವು ಬರುವುದಿದ್ದರೆ ಆ ಕೋಣೆಗೇ ಬರಲಿ, ಬಾರದಿದ್ದರೆ ಕರೆಯಬೇಡ.

ಬರೆದಾದ ಮೇಲೆ ಪತ್ರಿಕೆಗೆ ಕಳಿಸುವ ಮೊದಲು ನನಗೆ ಕಳಿಸು. ಕಣ್ಣಿಗೆ ತೊಂದರೆಯಿದೆ, ಅಕ್ಷರ ದಪ್ಪವಾಗಿರಲಿ.

ನಿನ್ನ
ಅಕ್ಕ