ಹನ್ನೆರಡನೇ ಬ್ಯಾರಕ್‌ಗೆ ಬೇರೆ ಅಳತೆ

ಮಾನ್ಯ ಸಂಪಾದಕರೇ,

ಮಾನವ ಹಕ್ಕುಗಳ ವಿಚಾರದಲ್ಲಿ ಪಶ್ಚಿಮದವರು ನಮಗೆ ಪಾಠ ಹೇಳಬೇಕಿಲ್ಲ ಎಂಬ ಮಾತು ವಾಚಕರ ಪತ್ರಗಳಲ್ಲಿ ಆಗಾಗ ಬರುತ್ತದೆ. ಅದು ಪೂರ್ತಿ ಸುಳ್ಳೇನಲ್ಲ. ಅಮೆರಿಕದ ವಿದೇಶಾಂಗ ಇಲಾಖೆ 1970ರ ದಶಕದಿಂದ ದೇಶವಾರು ವರದಿ ಹೊರಡಿಸುತ್ತ ಬಂದಿದೆ. ಅದರಲ್ಲಿ ಅಮೆರಿಕದ್ದೇ ಅಧ್ಯಾಯವಿಲ್ಲ. ಆದರೆ ಇಬ್ಬಗೆಯ ಅಳತೆ ನೋಡಲು ಮುಂಬಯಿ ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಲ್ಲ. ಸಾತ್ ರಸ್ತಾ ಬಳಿಯ ಆರ್ಥರ್ ರೋಡ್ ಜೈಲೇ ಸಾಕು.

ವಿಜಯ್ ಮಲ್ಯ ಹಸ್ತಾಂತರ ಪ್ರಕರಣದಲ್ಲಿ, 2018ರ ಜುಲೈನಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟು ಫೋಟೊಗಳು ಸಾಲವು, ಒಳಗೆ ಹಗಲ ಬೆಳಕು ಬೀಳುವುದು ಕಾಣುವಂತೆ ಅವರನ್ನು ಇಡಲಿದ್ದ ಆರ್ಥರ್ ರೋಡ್ ಜೈಲಿನ ಬ್ಯಾರಕ್ 12ರ ವಿಡಿಯೊ ಕೊಡಿ ಎಂದಿತು. ಕಾರಣ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 3ನೇ ವಿಧಿ: ಅಮಾನವೀಯವಾಗಿ ನಡೆಸಿಕೊಳ್ಳುವ ಅಪಾಯವಿರುವ ಕಡೆಗೆ ಯಾರನ್ನೂ ಕಳಿಸುವಂತಿಲ್ಲ. ಹಲವರಿರುವ ಕೋಣೆಯಲ್ಲಿ ತಲೆಗೆ 3 ಚದರ ಮೀಟರ್‌ಗಿಂತ ಕಡಿಮೆ ಜಾಗವಿದ್ದರೆ ಹಕ್ಕು ಭಂಗವಾಗಿದೆ ಎಂದೇ ಮೊದಲು ಭಾವಿಸಬೇಕು ಎನ್ನುವುದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ 2016ರ ತೀರ್ಪು. ಬ್ರಿಟಿಷರಿಗೆ ಇದೆಲ್ಲ ಯಾಕೆ ಅನ್ನುವವರು 2023ರ ಸಂಗತಿಯನ್ನೂ ಗಮನಿಸಲಿ. ಬ್ರಿಟನ್ನಿನ ಜೈಲುಗಳೇ ಕಿಕ್ಕಿರಿದಿವೆಯೆಂದು ಜರ್ಮನಿಯ ಕಾರ್ಲ್ಸ್‌ರೂಹೆ ಕೋರ್ಟು ಒಬ್ಬ ಆರೋಪಿಯನ್ನು ಅಲ್ಲಿಗೆ ಒಪ್ಪಿಸಲಿಲ್ಲ.

ನಮ್ಮ ಸರ್ಕಾರ ವಿಡಿಯೊ ಕೊಟ್ಟಿತು, ಭರವಸೆ ಬರೆದುಕೊಟ್ಟಿತು. 2018ರ ಡಿಸೆಂಬರ್ 10ರಂದು (ಮಾನವ ಹಕ್ಕುಗಳ ದಿನವೇ!) ಕೋರ್ಟು ಹಸ್ತಾಂತರಕ್ಕೆ ಒಪ್ಪಿತು. ಭರವಸೆ ಆ ಒಂದು ಬ್ಯಾರಕ್‌ಗೆ ಮಾತ್ರ. ಜೈಲಿನ ಅಧಿಕೃತ ಸಾಮರ್ಥ್ಯ ಆಗ 804 ಇತ್ತು. ಒಳಗಿರುವವರು ವರ್ಷಗಳಿಂದ ಸಾಮರ್ಥ್ಯದ ಮೂರು ಪಟ್ಟಿನ ಆಸುಪಾಸು. ಬಹುಪಾಲು ವಿಚಾರಣಾಧೀನರು, ಅಂದರೆ ಅಪರಾಧ ಸಾಬೀತಾಗದವರು. ಅವರ ಕಿಟಕಿಯ ವಿಡಿಯೊ ಯಾರೂ ಕೇಳಿಲ್ಲ.

ಇದರ ಬೇರು ದೆಹಲಿಯಲ್ಲಿದೆ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. 2010ರಲ್ಲಿ ಲೋಕಸಭೆ ಚಿತ್ರಹಿಂಸೆ ತಡೆ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಒಪ್ಪಿಸಿತು. ಅಲ್ಲಿಂದಾಚೆ ಅದು ಕಾನೂನಾಗಲೇ ಇಲ್ಲ. 2017ರಲ್ಲಿ ಕಾನೂನು ಆಯೋಗ 273ನೇ ವರದಿಯಲ್ಲಿ ಇಂಥ ಕಾನೂನು ಬೇಕೆಂದು ಮತ್ತೆ ಹೇಳಿತು. ಕಾನೂನಿಲ್ಲದ್ದರಿಂದ ವಿದೇಶಿ ಕೋರ್ಟುಗಳಿಗೆ ಪ್ರತಿ ಆರೋಪಿಗೂ ಬಿಡಿಬಿಡಿಯಾಗಿ ಭರವಸೆ ಬರೆದುಕೊಡಬೇಕು. ಡೆನ್ಮಾರ್ಕ್ ಹೈಕೋರ್ಟು 2011ರಲ್ಲಿ ಅದನ್ನೂ ನಂಬದೆ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಬೀಳಿಸಿದ ಪ್ರಕರಣದ ಆರೋಪಿಯನ್ನು ಕಳಿಸಲಿಲ್ಲ.

ಅಂಕಿಅಂಶ ಎತ್ತುವವರಿಗೊಂದು ಎಚ್ಚರಿಕೆ. ಕಸ್ಟಡಿ ಸಾವುಗಳನ್ನು 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕೆಂಬ ನಿರ್ದೇಶನ 1993ರಿಂದ ಇದೆ. ಆ ಪಟ್ಟಿಯಲ್ಲಿ ಜೈಲಿನಲ್ಲಿ ಕಾಯಿಲೆಯಿಂದ ಸತ್ತವರೂ ಇರುತ್ತಾರೆ. ಪೊಲೀಸ್ ಕಸ್ಟಡಿಯ ಲೆಕ್ಕ ಬೇರೆ, ನ್ಯಾಯಾಂಗ ಬಂಧನದ್ದು ಬೇರೆ. ಎರಡನ್ನೂ ಕೂಡಿಸಿದರೆ ಲೆಕ್ಕ ಇಡುವ ದೇಶವೇ ಕೆಟ್ಟದಾಗಿ ಕಾಣುತ್ತದೆ, ಲೆಕ್ಕವೇ ಇಡದ ದೇಶ ಪಾರಾಗುತ್ತದೆ.

ನಮ್ಮ ಜೈಲಿನ ಸ್ಥಿತಿ ತಿಳಿಯಬೇಕೆಂದರೆ 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಇಂಥ ದಿನಾಂಕದಂದು ಬ್ಯಾರಕ್‌ವಾರು ಸಾಮರ್ಥ್ಯ ಎಷ್ಟು, ಇದ್ದವರು ಎಷ್ಟು, ಅವರಲ್ಲಿ ವಿಚಾರಣಾಧೀನರು ಎಷ್ಟು ಎಂದಷ್ಟೇ ಕೇಳಿ. ಜೈಲು ಪರಿಶೀಲಿಸುವ ಸಂದರ್ಶಕ ಮಂಡಳಿಯ ಭೇಟಿಗಳ ವಿವರಕ್ಕೆ ಬೇರೆ ಅರ್ಜಿ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡನ್ನೂ ಒಂದರಲ್ಲೇ ತುರುಕಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು ಎರಡನೆಯದನ್ನು ಬಿಡಲು ಅದೇ ನೆಪವಾಗುತ್ತದೆ. ಉತ್ತರಕ್ಕೆ 30 ದಿನ.

ಓದುಗರು, ಮಾಟುಂಗಾ, ಮುಂಬಯಿ